ಎರಡನೇ ಭಾಗದ ನಾಯಕ ಮತ್ತು ತಿಕೋಟಾ ಮಾಸ್ತರ

ಮಾಸ್ತರಿಗೆ ಒಂದು ಚಟವಿತ್ತು. ಮಾತು ಶುರು ಮಾಡುವ ಮೊದಲು ಸೈಕಲ್ಲಿನ ಗಂಟೆ ಬಾರಿಸುತ್ತಿದ್ದರು. ಸೈಕಲ್ ಓಡುತ್ತಿರಬೇಕೆಂದೇನಿಲ್ಲ. ಗೋಡೆಗೆ ಆನಿಸಿ ನಿಲ್ಲಿಸಿದ್ದರೂ ಸರಿ, ಒಮ್ಮೆ ಟ್ರಿಣ್ ಎನ್ನಿಸದೆ ಅವರ ಬಾಯಿ ತೆರೆಯುತ್ತಿರಲಿಲ್ಲ. ಮನೆಯೊಳಗೆ ಚಾಪೆಯ ಮೇಲೆ ಕೂತಾಗಲೂ ಹೆಬ್ಬೆರಳು ತೊಡೆಯ ಮೇಲೆ ತನ್ನಷ್ಟಕ್ಕೆ ಒತ್ತುತ್ತಿತ್ತು. ಓಹೋ, ಮಾಸ್ತರು ಏನೋ ಹೇಳುವವರಿದ್ದಾರೆ ಎಂದು ನಾವು ಕಿವಿ ನೆಟ್ಟಗೆ ಮಾಡಿಕೊಳ್ಳುತ್ತಿದ್ದೆವು.

ಲಗ್ನ ನಿಶ್ಚಯವಾದ ಹುಡುಗಿ ಇರುವ ಮನೆಯಲ್ಲಿ ಸಣ್ಣಪುಟ್ಟ ಜಗಳಗಳು ನಡೆಯುತ್ತಲೇ ಇರುತ್ತವೆ. ಅವು ಹುಡುಗ ಹುಡುಗಿಗೆ ಜೀವನ್ಮರಣದ ಪ್ರಶ್ನೆ. ನಡುವೆ ಕೂತವರಿಗೆ ಮಾತ್ರ ನಗು ನುಂಗಿಕೊಳ್ಳುವ ಕಷ್ಟ. ಆ ವರ್ಷ ನಡುವೆ ಕೂತವಳು ನಾನು.

ಹುಡುಗಿ ನನ್ನ ಗೆಳತಿ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅವರ ಮನೆ. ಮಾಸ್ತರು ಬಬಲೇಶ್ವರದ ಒಕ್ಕಲುತನದ ಮನೆಯ ಹುಡುಗ. ವಿಜಾಪುರದ ಕಾಲೇಜಿನಲ್ಲಿ ನಾವು ಮೂವರೂ ಒಂದೇ ವರ್ಗದಲ್ಲಿ ಓದಿದವರು. ಆಗ ಹುಡುಗ ಹುಡುಗಿಯರು ಎದುರಾಬದುರು ನಿಂತು ಮಾತಾಡುವ ರೂಢಿ ಇರಲಿಲ್ಲ. ಹೀಗಾಗಿ ಮಾಸ್ತರು ಒಂದು ದಿನ ಒಂದು ಕಾದಂಬರಿ ತಂದು, "ಇದನ್ನ ಅವರಿಗೆ ಕೊಡ್ರಿ" ಎಂದು ನನ್ನ ಕೈಗಿಟ್ಟರು. ನಾನು ಇಂಗ್ಲಿಷ್ ಸಾಲಿಯಲ್ಲಿ ಕಲಿತವಳು, ಕನ್ನಡವನ್ನು ಬೆರಳಿಟ್ಟು ಓದುವವಳು. ನನ್ನ ಕೈಯಲ್ಲಿ ಕನ್ನಡ ಪುಸ್ತಕ ಕಂಡರೆ, ಪಾಪ ಅಕ್ಷರ ತಿದ್ದಿಕೊಳ್ಳುತ್ತಾಳೆ ಎಂದು ಎಲ್ಲರೂ ಮರುಗುತ್ತಿದ್ದರೇ ಹೊರತು ಸಂಶಯ ಪಡುತ್ತಿರಲಿಲ್ಲ.

ಕಾಲೇಜಿನ ಹುಡುಗ, ಕಾಲೇಜಿನ ಹುಡುಗಿ, ಕೊನೆಗೆ ಮದುವೆ. ಆ ಕಾದಂಬರಿಯದು ಇಷ್ಟೇ ಕತೆ. ಗೆಳತಿ ಅದನ್ನು ಓದಿ ಅತ್ತಳು, ಅತ್ತು ಮತ್ತೆ ಓದಿದಳು. ಮಾಸ್ತರು ಕೇಳಿದ್ದು ಒಂದೇ ಮಾತು: "ಚಲೋ ಐತಲ್ಲ?" ಅಷ್ಟರಲ್ಲೇ ಅವರ ಮನಸ್ಸಿನ ಆಳವೆಲ್ಲ ಆಕೆಗೆ ಕಂಡುಬಿಟ್ಟಿತು. ಕಾಲೇಜು ಮುಗಿಯಿತು. ಅವರಿಗೆ ತಿಕೋಟಾದ ಸಾಲಿಯಲ್ಲಿ ನೌಕರಿ ಸಿಕ್ಕಿತು, ದಿನಾ ವಿಜಾಪುರದಿಂದ ಬಸ್ಸಿಗೆ ಹೋಗಿ ಬರುವುದು. ಎರಡೂ ಮನೆಯವರು ಒಪ್ಪಿದರು, ನಿಶ್ಚಯದ ಸೀರೆಯನ್ನೂ ಉಡಿಸಿದರು. ಎಲ್ಲ ಸುಸೂತ್ರವಿತ್ತು.

ಆಗ ಆ ಕಾದಂಬರಿಯ ಎರಡನೇ ಭಾಗ ಬಂತು.

ಹದಿನಾಲ್ಕನೇ ಪ್ರಕರಣ

ಗಾಂಧಿ ಚೌಕದ ಹತ್ತಿರದ ವಾಚನಾಲಯದಲ್ಲಿ ಇದ್ದದ್ದು ಒಂದೇ ಪ್ರತಿ. ಗೆಳತಿ ಅದನ್ನು ತಂದು ಮಧ್ಯಾಹ್ನದ ಹೊತ್ತು ಗಟ್ಟಿಯಾಗಿ ಓದುತ್ತಿದ್ದಳು. ಕೇಳುವವರು ನಾನು ಮತ್ತು ಅವರ ಅಜ್ಜಿ. ಓಣಿಗೆಲ್ಲ ಅವರು ಆಯಿ. ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಕೂರುತ್ತಿದ್ದರು. ಕತೆ ಬಿಗಿಯಾದಾಗ ಹರಳು ಮೊರದಲ್ಲೇ ಉಳಿದು ಬೇಳೆ ಕೆಳಗೆ ಬೀಳುತ್ತಿತ್ತು.

ಎರಡನೇ ಭಾಗದಲ್ಲಿ ಆ ನಾಯಕನಿಗೆ ನೌಕರಿ ಸಿಕ್ಕು ಬುದ್ಧಿ ಕೆಟ್ಟಿತ್ತು. ಹದಿನಾಲ್ಕನೇ ಪ್ರಕರಣದಲ್ಲಂತೂ ಕಚೇರಿಯಲ್ಲಿ ಕೆಲಸ ಅದೆ ಎಂದು ಹೆಂಡತಿಗೆ ಹೇಳಿ, ಹಳೆಯ ಸಹಪಾಠಿಯೊಬ್ಬಳ ಜೊತೆ ಹೊಟೇಲಿನಲ್ಲಿ ಕೂತು ಚಹಾ ಕುಡಿದ.

ಗೆಳತಿ ಪುಸ್ತಕ ಮುಚ್ಚಿದಳು. "ನೋಡಿದೇನ? ಮೊದಲನೇ ಭಾಗದಾಗ ಎಷ್ಟು ಛಂದ ಇದ್ದ!"

ಮರುದಿನ ಮಾಸ್ತರು ಬಂದರು. ಓಣಿಯಲ್ಲಿ ಟ್ರಿಣ್ ಎಂದಿತು. ಗೆಳತಿ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ನೀರಿನ ತಂಬಿಗೆ ನನ್ನ ಕೈಲೇ ಹೊರಗೆ ಬಂತು. ಮಾಸ್ತರು ತಂಬಿಗೆ ಹಿಡಿದುಕೊಂಡು ಸಣ್ಣ ದನಿಯಲ್ಲಿ ಕೇಳಿದರು, "ಏನಾತ್ರೀ ತಂಗಿ? ನಾ ಏನ್ ಮಾಡೇನಿ?"

ನನಗೆ ಗಂಡಸರೊಡನೆ ಮಾತೆಂದರೆ ಮೊದಲೇ ಸಂಕೋಚ. ಉದ್ದ ಹೇಳಲಿಕ್ಕೆ ಧೈರ್ಯ ಸಾಲದೆ ಇದ್ದದ್ದನ್ನು ಗಿಡ್ಡ ಮಾಡಿ ಹೇಳಿದೆ: "ಹದಿನಾಲ್ಕನೇ ಪ್ರಕರಣದಾಗ ನೀವು ಸುಳ್ಳು ಹೇಳೀರಿ."

ಮಾಸ್ತರು ತಂಬಿಗೆ ಕೆಳಗಿಟ್ಟರು. ಹೆಬ್ಬೆರಳು ತೊಡೆಯ ಮೇಲೆ ಎರಡು ಸಲ ಒತ್ತಿತು.

"ಹಂಗಾರ ಹದಿನೈದನೇದ್ರಾಗ ಏನರ ಕ್ಷಮಾ ಕೇಳ್ತೇನೇನು, ಸ್ವಲ್ಪ ನೋಡಿ ಹೇಳ್ರಿ."

ಬಬಲೇಶ್ವರದ ಬೀಗತಿ

ಆಯಿಗೆ ಕತೆಯವರು, ಓಣಿಯವರು ಎಂಬ ಭೇದವಿರಲಿಲ್ಲ. ಸೋಮವಾರ ಗುಡಿಯ ಕಟ್ಟೆಯ ಮೇಲೆ ಕೂತು ಜೊತೆಯವರ ಮುಂದೆ ನಿಟ್ಟುಸಿರು ಬಿಟ್ಟರಂತೆ: "ಏನ್ ಹೇಳ್ಲೆವ್ವಾ, ನಮ್ಮ ಹುಡುಗಿ ಊಟಾ ಬಿಟ್ಟಾಳ. ನೌಕರಿ ಸಿಕ್ಕ ಕೂಡಲೆ ಅಂವಾ ಬ್ಯಾರೆ ಹುಡುಗಿ ಜೋಡಿ ಚಾ ಕುಡ್ಯಾಕ ಹತ್ಯಾನ."

ಕಟ್ಟೆಯ ಮೇಲೆ ಬಬಲೇಶ್ವರದ ಹೆಣ್ಣುಮಗಳೊಬ್ಬಳೂ ಇದ್ದಳು. ಆಕೆ ಸಂಜೆಯ ಬಸ್ಸಿಗೆ ಊರಿಗೆ ಹೋದಳು. ಮರುದಿನ ಬೆಳಗಿನ ಬಸ್ಸಿಗೆ ಮಾಸ್ತರರ ತಾಯಿ ವಿಜಾಪುರದಲ್ಲಿ ಇಳಿದರು. ಕಂಕುಳಲ್ಲಿ ರೊಟ್ಟಿಯ ಗಂಟು, ಕೈಯಲ್ಲಿ ಮಗನ ರಟ್ಟೆ. ಮಗನನ್ನು ಅವನ ಬಾಡಿಗೆ ಖೋಲಿಯಿಂದಲೇ ಎಬ್ಬಿಸಿ ಎಳೆದು ತಂದಿದ್ದರು.

"ಬೀಗತೀ, ಯಾರವ್ವಾ ಆಕಿ? ಯಾರ ಮಗಳು? ನನಗ ಮನೀ ತೋರಸ್ರಿ, ಉಳಿದದ್ದು ನಾ ನೋಡ್ಕೋತೇನಿ!"

"ಯವ್ವಾ, ನಾ ಯಾರ ಜೋಡೀನೂ ಚಾ ಕುಡ್ದಿಲ್ಲ!"

"ನೀ ಸುಮ್ನಿರ್ಲೇ! ನಿನಗ ಆಮ್ಯಾಲ ಐತಿ!"

ಆಯಿಗೆ ಆಗ ಹೊಳೆಯಿತು. "ಅಯ್ಯ, ಇವರಲ್ಲೆವ್ವಾ. ಪುಸ್ತಕದಾಗಿನಾಂವ!" ಎಂದು ಬೀಗತಿಯನ್ನು ಕೂರಿಸಿ, ಮಜ್ಜಿಗೆ ಕೊಟ್ಟು, ಮೊದಲನೇ ಭಾಗದಿಂದ ಹಿಡಿದು ಎಲ್ಲ ಬಿಡಿಸಿ ಹೇಳಿದರು. ಬೀಗತಿ ಕೇಳುತ್ತ ಕೇಳುತ್ತ ಮಗನ ರಟ್ಟೆ ಬಿಟ್ಟರು, ಆಮೇಲೆ ರೊಟ್ಟಿಯ ಗಂಟು ಬಿಚ್ಚಿದರು.

"ಮುಂದ?"

"ಮುಂದಿಂದು ಇನ್ನೂ ಓದಿಲ್ಲ."

"ಓದ್ರಿ ಹಂಗಾರ. ಹೊಲದ ಕೆಲಸಾ ನಾಳಿಗಾತು."

ಅವತ್ತು ಅವರು ಸಂಜೆಯವರೆಗೆ ಕೇಳಿದರು. ನಾಯಕನನ್ನು ಬಾಯಿಗೆ ಬಂದಂತೆ ಬೈದರು, ನಾಯಕಿಗಾಗಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಮಾಸ್ತರು, ಅಮ್ಮ ಬಸ್ ಸ್ಟ್ಯಾಂಡಿಗೆ ಹೊರಟಾಗ ಕೇಳಿದರು, "ಯವ್ವಾ, ಈಗರೆ ನಂದೇನೂ ತಪ್ಪಿಲ್ಲಂತ ಗೊತ್ತಾತಿಲ್ಲೊ?"

"ಗೊತ್ತಾತಪಾ. ತಪ್ಪ ಮಾಡಿದ್ರ ನಿನಗೇನ್ ಆಗತೈತಿ ಅನ್ನೂದು ನಿನಗೂ ಗೊತ್ತಾತಿಲ್ಲೊ?"

ತಿಕೋಟಾ ಬಸ್ಸು

ಅತ್ತೆಯೇ ತನ್ನ ಪಕ್ಷ ಎಂದ ಮೇಲೆ ಗೆಳತಿ ತುಸು ತಣ್ಣಗಾದಳು. ಒಂದು ವಾರ ಮಾಸ್ತರಿಗೆ ಬಾಗಿಲೂ ತೆರೆಯಿತು, ಚಹಾಕ್ಕೆ ಸಕ್ಕರೆಯೂ ಬಿತ್ತು. ಆಮೇಲೆ ತಿಕೋಟಾದಿಂದ ಬೆಣ್ಣೆ ತರುವ ಹೆಂಗಸು, ಬೆಣ್ಣೆ ತೂಗುತ್ತ ತೂಗುತ್ತ ಅಂದಳು: "ನಿಮ್ಮ ಅಳಿಯಂದ್ರು ಬಾಳ ಮಾತಿನವ್ರು ಬಿಡ್ರಿ. ಬಸ್ಸಿನ್ಯಾಗ ದಿನಾ ಆ ಹೊಸಾ ಅಕ್ಕೋರ ಬಾಜೂಕ ಕುಂತು, ಮುಂದೇನಾತ್ರಿ ಮುಂದೇನಾತ್ರಿ ಅಂತಿರತಾರ."

ಅಕ್ಕೋರು ಎಂದರೆ ಸಾಲಿ ಕಲಿಸುವ ಹೆಣ್ಣುಮಗಳು. ಇದು ಪುಸ್ತಕದ ಮಾತಲ್ಲ, ಬಸ್ಸಿನ ಮಾತು. ಗೆಳತಿಯ ಮುಖ ನೋಡಿ ನನಗೆ ನಗು ಬರಲಿಲ್ಲ.

ಮಾಸ್ತರು ರಜೆ ಹಾಕಿ ಊರಿಗೆ ಹೋದ ದಿನ ನಾವು ತಿಕೋಟಾ ಬಸ್ಸು ಹತ್ತಿದೆವು. ತಿಕೋಟಾದಲ್ಲಿ ಬಳಗದವರನ್ನು ಮಾತಾಡಿಸುವುದಿದೆ ಎಂಬುದು ಆಯಿಯ ನೆವ. ಅಕ್ಕೋರು ಕಿಟಕಿಯ ಹತ್ತಿರ ಕೂತಿದ್ದರು. ಚೆಂದವಾಗಿದ್ದರು, ಅದೇ ತೊಂದರೆ. ಆಯಿ ನೇರ ಹೋಗಿ ಅವರ ಪಕ್ಕದಲ್ಲಿ ಕೂತರು. ನಾವಿಬ್ಬರೂ ಹಿಂದಿನ ಸೀಟಿನಲ್ಲಿ.

"ಒಬ್ಬರ ಹೊಂಟೀರೇನವಾ? ಜೋಡಿ ಯಾರೂ ಇಲ್ಲೇನು?"

"ಮಾಸ್ತರೊಬ್ಬರು ಇರತಾರ್ರೀ ಅಜ್ಜಿ, ಇವತ್ತ ಬಂದಿಲ್ಲ. ಬಾಳ ಒಳ್ಳೇವ್ರು. ನನಗೊಂದು ಕಾದಂಬರಿ ಓದಾಕ ಕೊಟ್ಟಾರ." ಅಕ್ಕೋರು ಚೀಲದಿಂದ ಪುಸ್ತಕ ತೆಗೆದು ತೋರಿಸಿದರು.

ಮೊದಲನೇ ಭಾಗ. ಗೆಳತಿ ಮತ್ತೆ ಮತ್ತೆ ಓದಿ ರಟ್ಟು ಸಡಿಲಾಗಿ, ಮಾಸ್ತರಿಗೆ ತಿರುಗಿ ಕೊಟ್ಟಿದ್ದ ಅದೇ ಪುಸ್ತಕ. ರಟ್ಟಿಗೆ ಆಕೆ ಅಂಟಿಸಿದ ಕೆಂಪು ಕಾಗದ ಹಾಗೇ ಇತ್ತು.

ತಿಕೋಟಾ ಬರುವವರೆಗೆ ಗೆಳತಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಬಳಗದವರ ಮನೆಯಲ್ಲಿ ಉಪ್ಪಿಟ್ಟಿನ ತಾಟು ಮುಟ್ಟಲಿಲ್ಲ. ತಿರುಗಿ ಬರುವಾಗ ನನ್ನ ಕಿವಿಯಲ್ಲಿ ಇಷ್ಟೇ ಹೇಳಿದಳು: "ನನಗೂ ಹಿಂಗ ಆ ಪುಸ್ತಕಾ ಕೊಟ್ಟೇ ಶುರು ಆಗಿತ್ತಲ್ಲ."

ಮನೆಗೆ ಬಂದು ನಿಶ್ಚಯದ ಸೀರೆ ಟ್ರಂಕಿನಿಂದ ತೆಗೆದು ಮಡಿಚಿ ಮೇಜಿನ ಮೇಲಿಟ್ಟಳು. ಶನಿವಾರ ಒಂದು ಪ್ರಶ್ನೆ ಕೇಳುವುದು. ಖರೆ ಉತ್ತರ ಬಂದರೆ ಸೀರೆ ಟ್ರಂಕಿಗೆ, ಇಲ್ಲವಾದರೆ ಬಬಲೇಶ್ವರಕ್ಕೆ.

"ಎಲ್ಲಿ ಕೇಳ್ತಿ?" ಎಂದೆ.

"ಗೋಳಗುಮ್ಮಟದಾಗ. ಅಲ್ಲೆ ಸುಳ್ಳು ಹೇಳಿದ್ರ ತಮ್ಮ ಸುಳ್ಳು ತಾವ ಏಳು ಸಲ ಕೇಳಬೇಕಾಗ್ತದ."

ಆಯಿ ಬೇಳೆಯ ಮೊರದಿಂದ ತಲೆಯೆತ್ತಿದರು. "ನಾ ಲಗ್ನಾದಾಗ ಇಂಥಾದ್ದು ಯಾರೂ ಹೇಳಿಕೊಡಲಿಲ್ಲ ನೋಡು."

ಗುಮ್ಮಟದ ಉತ್ತರ

ನಾವು ಹೇಳಿಕಳಿಸಿದಂತೆ ಶನಿವಾರ ಬೆಳಗಿನ ಸಾಲಿ ಮುಗಿಸಿ ಮಾಸ್ತರು ಗೋಳಗುಮ್ಮಟಕ್ಕೆ ಬಂದರು. ಕೆಳಗೆ ಬೇವಿನ ಮರಕ್ಕೆ ಸೈಕಲ್ ಆನಿಸಿ ಗಂಟೆ ಬಾರಿಸಿದರು. ಆದರೆ ಗೆಳತಿ ಆಗಲೇ ಮೆಟ್ಟಿಲು ಹತ್ತುತ್ತಿದ್ದಳು. ಇಕ್ಕಟ್ಟಿನ ಮೆಟ್ಟಿಲು ಸುತ್ತಿ ಸುತ್ತಿ ಮೇಲೆ ಹೋಗುವಷ್ಟರಲ್ಲಿ ಮೂವರಿಗೂ ಏದುಸಿರು.

ಗುಮ್ಮಟದ ಒಳಗೋಡೆಗೆ ಹೊಂದಿದ ಸುತ್ತುಗಟ್ಟೆಯ ಮೇಲೆ, ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಸಾಕು, ಎದುರು ಬದಿಯ ಗೋಡೆಗೆ ಕಿವಿ ಕೊಟ್ಟವರಿಗೆ ಕೇಳುತ್ತದೆ. ಗಟ್ಟಿ ಮಾತಾಡಿದರೆ ಕೇಳುವುದೇ ಬೇಡ, ಗುಮ್ಮಟವೇ ಮಾತಾಡುತ್ತದೆ. ಮಾಸ್ತರು ಆ ಬದಿಗೆ ಹೋಗಿ ನಿಂತರು. ಗೆಳತಿ ಈ ಬದಿ, ಆಕೆಯ ಪಕ್ಕ ನಾನು. ನಡುವೆ ಅಲ್ಲಲ್ಲಿ ಮಮದಾಪುರದಿಂದ ಗುಮ್ಮಟ ನೋಡಲು ಬಂದ ರೈತರ ಗುಂಪು, ತಲೆಗೆ ರುಮಾಲು ಸುತ್ತಿದವರು.

ಈಗ ಒಂದು ಪೇಚು. ನಿಶ್ಚಯವಾದ ಮೇಲೆ ಗಂಡನಾಗುವವನ ಹೆಸರು ಹಿಡಿದು ಕರೆಯುವಂತಿಲ್ಲ. ಕಾಲೇಜಿನಲ್ಲಿ ಗುಟ್ಟಾಗಿ ಕರೆದ ಹೆಸರನ್ನು ಆಕೆ ಅಂದಿನಿಂದ ಬಾಯಿಗೆ ತಂದಿರಲಿಲ್ಲ. ಪಿಸುಮಾತಿನಲ್ಲಿ ಕೇಳುವವಳು, ಸಿಟ್ಟಿನ ಭರದಲ್ಲಿ ಗಟ್ಟಿಯಾಗಿಯೇ ಕೂಗಿಬಿಟ್ಟಳು:

"ಏನ್ರೀ! ಕೇಳಿಸ್ತದೇನ್ರೀ?"

ಗುಮ್ಮಟದ ಸುತ್ತಲೂ ಇದ್ದ ಗಂಡಸರೆಲ್ಲ ಒಮ್ಮೆಗೇ ತಿರುಗಿದರು. "ಹೂಂನ್ರಿ! ಹೇಳ್ರಿ!" ಆ ಹೂಂ ಮೇಲೆ ಹೋಗಿ, ಸುತ್ತಿ, ಮತ್ತೆ ಮತ್ತೆ ಇಳಿದು ಬಂತು. ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಗೆಳತಿ ಕೆಂಪಾದಳು, ಆದರೆ ಹಿಂಜರಿಯಲಿಲ್ಲ.

"ಆ ಅಕ್ಕೋರಿಗೆ ನನ್ನ ಪುಸ್ತಕಾ ಯಾಕ ಕೊಟ್ರಿ?"

ಯಾಕ ಕೊಟ್ರಿ, ಯಾಕ ಕೊಟ್ರಿ ಎಂದು ಗುಮ್ಮಟವೂ ಕೇಳಿತು. ರುಮಾಲಿನವರು ಮಾಸ್ತರ ಕಡೆ ನೋಡಿದರು. ಮಾಸ್ತರ ಹೆಬ್ಬೆರಳು ಕಟಕಟೆಯ ಕಲ್ಲಿನ ಮೇಲೆ ಒತ್ತುವುದು ನನಗೆ ಈ ಬದಿಯಿಂದಲೂ ಕಂಡಿತು.

"ಆಕಿ ಓದಿ ನನಗ ಹೇಳ್ಲಿ ಅಂತ ಕೊಟ್ಟೆ."

"ಅಂದ್ರ?"

"ಪುಸ್ತಕದಾಗ ಏನೈತಿ ಅಂತ ನನಗ ಗೊತ್ತಿಲ್ಲ. ನಾ ಓದಿಲ್ಲ."

ಓದಿಲ್ಲ, ಓದಿಲ್ಲ, ಓದಿಲ್ಲ ಎಂದಿತು ಗುಮ್ಮಟ.

"ಎರಡನೇ ಭಾಗಾನಾ?"

"ಮೊದಲನೇದೂ. ಎರಡ ಹಾಳಿ ಓದೂದ್ರಾಗ ನಿದ್ದಿ ಹತ್ತತೈತಿ. ದಿನಾ ಬಂದು ಬೈಸಿಕೊಂಡು ಹೋಗತೇನಿ, ಯಾತಕ್ಕಂತ ತಿಳೀವಲ್ದು. ಅದಕ್ಕ ಬಸ್ಸಿನ್ಯಾಗ ದಿನಾ ಒಂದೀಟ ಕೇಳಿ ತಿಳ್ಕೊಳಾಕತ್ತೀನಿ."

ಕಾಲೇಜಿನ ಆ ಎಲ್ಲ ಕಣ್ಣೀರು ಗೆಳತಿಗೆ ನೆನಪಾಗುತ್ತಿತ್ತೆಂದು ಕಾಣುತ್ತದೆ. ಆಕೆಯ ದನಿ ಸಣ್ಣಗಾಯಿತು. ಗೋಡೆಗೆ ಬಾಯಿ ಹಚ್ಚಿ ಕೇಳಿದಳು, "ಮತ್ತ ಆಗ ನನಗ್ಯಾಕ ಕೊಟ್ಟಿದ್ರಿ?"

ಮಾಸ್ತರೂ ಗೋಡೆಗೆ ಬಾಯಿ ಹಚ್ಚಿದರು. ನಾನು ಕಿವಿ ತೆಗೆಯಬೇಕಿತ್ತು, ತೆಗೆಯಲಿಲ್ಲ.

"ನಿನ್ನ ಕಡೆ ಬರಾಕ ಕೈಯಾಗ ಏನರ ಬೇಕಿತ್ತಲ್ಲ."

ಇದನ್ನು ಕೇಳಿದವಳು ನಾನೊಬ್ಬಳೇ ಅಲ್ಲ. ನಮ್ಮ ಬದಿಯಲ್ಲೇ ಗೋಡೆಗೆ ಕಿವಿ ಕೊಟ್ಟಿದ್ದ ಮುದುಕರೊಬ್ಬರು ರುಮಾಲು ಸರಿಮಾಡಿಕೊಂಡು ತಮ್ಮ ಜೊತೆಯವರಿಗೆ ಕೂಗಿ ಹೇಳಿದರು, "ಹುಡುಗ ಖರೇ ಹೇಳ್ಯಾನ್ರೆಪ್ಪೋ!" ಗುಮ್ಮಟ ಅದನ್ನು ಏಳು ಸಲ ಖಾತ್ರಿ ಮಾಡಿತು. ಆಮೇಲೆ ಗೆಳತಿಯ ಕಡೆ ತಿರುಗಿ, "ಮಾಡ್ಕೊಳವಾ, ಮಾಡ್ಕೊ. ನಾನೂ ಯಾವ ಪುಸ್ತಕಾನೂ ಓದಿಲ್ಲ, ನಮ್ಮಾಕಿ ಛಲೋತ್ನಾಗ ಬಾಳೇವ್ ಮಾಡ್ಯಾಳ" ಎಂದರು.

ಗೆಳತಿ ಹಣೆಯನ್ನು ಗೋಡೆಗೆ ಆನಿಸಿದಳು. ಅವಳ ಭುಜಗಳು ಕುಲುಕುತ್ತಿದ್ದವು. ಅಳುತ್ತಾಳೋ ನಗುತ್ತಾಳೋ, ಪಕ್ಕದಲ್ಲಿದ್ದ ನನಗೇ ತಿಳಿಯಲಿಲ್ಲ. ಅಷ್ಟು ದೂರ ಇದ್ದ ಮಾಸ್ತರಿಗೆ ಹೇಗೆ ತಿಳಿಯಬೇಕು? ಸುಮ್ಮನಿದ್ದಾಳೆಂದರೆ ಸಿಟ್ಟು ಇಳಿದಿಲ್ಲ ಎಂದುಕೊಂಡರು. ಮತ್ತೊಮ್ಮೆ ಕಲ್ಲಿನ ಮೇಲೆ ಹೆಬ್ಬೆರಳು ಒತ್ತಿ, ಈ ಸಲ ಇಡೀ ಗುಮ್ಮಟಕ್ಕೆ ಕೇಳುವಂತೆ, ಕೈಮುಗಿದು ಕೇಳಿಕೊಂಡರು:

"ಅಕ್ಕೋರು ಅರ್ಧಾ ಅಷ್ಟ ಹೇಳ್ಯಾರ. ಉಳಿದದ್ದು ನೀನ ಹೇಳಿಬಿಡ. ಲಗ್ನದ ಮುಂಚೆ ನಾ ಏನೇನ್ ತಪ್ಪು ಮಾಡೇನಿ ಅಂತ ನನಗ ಗೊತ್ತಾಗಬೇಕಲ್ಲ!"