ಜಿಂಕೆಗೆ ಕಟ್ಟಿದ ಕ್ಯಾಮೆರಾ

ಕಾಗದನಗರದ ಕ್ವಾರ್ಟರ್ಸಿನಲ್ಲಿ ಮಿಕ್ಸಿಯಿಂದ ಗೋಡೆ ಗಡಿಯಾರದವರೆಗೆ ಏನೇ ಕೆಟ್ಟರೂ ಜನ ನನ್ನನ್ನೇ ಕರೆಯುತ್ತಿದ್ದರು. ಹಾಗಾಗಿ ನನ್ನ ಜೊತೆ ಕಾಗದದ ಮಿಲ್ಲಿನಲ್ಲಿ ಕೆಲಸಕ್ಕಿದ್ದ ಸೆಲ್ವಂ, "ಅಣ್ಣಾ, ಜಿಂಕೆ ಯಾವ ದಾರೀಲಿ ಬರುತ್ತೆ ಅಂತ ಗೊತ್ತಾದ್ರೆ ಸಾಕು, ಒಂದು ದಿನ ಶಿಕಾರಿ ಮುಗಿಸಿಬಿಡ್ತೀನಿ" ಎಂದಾಗ ನಾನು ಎದೆಯುಬ್ಬಿಸಿ, "ಕ್ಯಾಮೆರಾ ಕಟ್ಟೋಣ" ಎಂದೆ. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಶಿಕಾರಿ ಮಾಡಿದರೆ ಜೈಲು ಅಂತಲೂ ಗೊತ್ತಿತ್ತು. ಆದರೆ ಮೆಕ್ಯಾನಿಕ್ ತಲೆಗೆ ಒಮ್ಮೆ ಹುಳ ಹೊಕ್ಕರೆ ಮುಗೀತು!

ಮನೆಯಲ್ಲಿದ್ದದ್ದು ಒಂದೇ ಕ್ಯಾಮೆರಾ. ಅದರ ರೋಲಿನಲ್ಲಿ ಆಗಲೇ ನಾದಿನಿ ಸುಧಾಳ ಇಪ್ಪತ್ತು ಫೋಟೋ ಇತ್ತು, ಗಂಡಿನ ಕಡೆಯವರಿಗೆ ತೋರಿಸಲು ತೆಗೆದದ್ದು. ಮೂವತ್ತಾರೂ ಮುಗಿಯದೆ ರೋಲ್ ತೊಳೆಸುವುದು ಆಗ ಮಹಾಪಾಪವಾಗಿತ್ತು. ಉಳಿದ ಹದಿನಾರು ಜಿಂಕೆಗೆ ಎಂದು ತೀರ್ಮಾನಿಸಿ, ಹೆಂಡತಿ ಗಿರಿಜಾಗೆ ಕ್ಯಾಮೆರಾ ರಿಪೇರಿಗೆ ಕೊಟ್ಟಿದ್ದೇನೆ ಎಂದು ಸುಳ್ಳು ಹೇಳಿದೆ.

ಕಾಡಂಚಿನ ಮರಕ್ಕೆ ಕ್ಯಾಮೆರಾ ಕಟ್ಟಿ, ಅದರ ಗುಂಡಿಯಿಂದ ಕಾಲುದಾರಿಗೆ ಅಡ್ಡವಾಗಿ ನೈಲಾನ್ ದಾರ ಎಳೆದು, ಜಿಂಕೆ ನೆಕ್ಕಲು ಬರಲಿ ಎಂದು ಅಲ್ಲೇ ಕಲ್ಲುಪ್ಪು ಸುರಿದೆವು. ದಾರಕ್ಕೆ ಏನೇ ತಾಗಿದರೂ ಫೋಟೋ! ದಿನಾ ಫಸ್ಟ್ ಶಿಫ್ಟಿಗೆ ಮುಂಚೆ ಹೋಗಿ, ಉಪ್ಪನ್ನು ಬಗ್ಗಿ ನೋಡಿ, ಆಮೇಲೆ ಎಷ್ಟು ಫೋಟೋ ಆಯಿತೆಂದು ಕ್ಯಾಮೆರಾದ ಅಂಕಿ ನೋಡುತ್ತಿದ್ದೆ. ದಿನಕ್ಕೊಂದು ತಪ್ಪದೆ ಏರುತ್ತಿತ್ತು.

"ಗಡಿಯಾರ ಇಟ್ಕೊಂಡು ಬರ್ತಿದೆ ಮಾರಾಯ!" ಎಂದು ಸೆಲ್ವಂನ ಬೆನ್ನು ತಟ್ಟಿದೆ.

ರೋಲ್ ಮುಗಿದ ದಿನ ಕ್ಯಾಮೆರಾ ತಂದು ಬೀರುವಿನಲ್ಲಿಟ್ಟೆ. ಮರುದಿನ ನೋಡಿದರೆ ಅದರೊಳಗೆ ರೋಲೇ ಇಲ್ಲ!

"ಮುಗಿದಿತ್ತಲ್ರೀ, ಶಿವಮೊಗ್ಗಕ್ಕೆ ಹೋಗಿ ಸವಳಂಗ ರಸ್ತೆ ಸ್ಟುಡಿಯೋಗೆ ಕೊಟ್ಟು ಬಂದೆ" ಎಂದಳು ಗಿರಿಜಾ. "ಗಂಡಿನ ಮನೆ ಎದುರಿಗೇ ಅಲ್ವಾ, ಫೋಟೋ ಕವರ್ ಅವರೇ ತಗೋತಾರಂತೆ. ಭಾನುವಾರ ನಾವೂ ಹೋಗೋಣ."

ಗಂಡಿನ ಅಪ್ಪ ಫಾರೆಸ್ಟ್ ರೇಂಜರ್!

ತೊದಲುತ್ತಾ ಎಲ್ಲ ಒಪ್ಪಿಕೊಂಡೆ. ಗಿರಿಜಾ ಸೌಟು ಕೆಳಗಿಟ್ಟಳು. "ಸುಧಾ ಮದುವೆ ಮುರಿದುಬಿದ್ರೆ ನಿಮ್ಮನ್ನ ನಾನೇ ಸ್ಟೇಷನ್ನಿಗೆ ಬಿಟ್ಟು ಬರ್ತೀನಿ!"

ಭಾನುವಾರದವರೆಗೆ ಯಾರಾದರೂ ಬಾಗಿಲು ತಟ್ಟಿದರೆ ಬಚ್ಚಲಿಗೆ ಓಡುತ್ತಿದ್ದೆ.

ಭಾನುವಾರ ಗಂಡಿನ ಮನೆಯಲ್ಲಿ ಕೂತಾಗ, "ನೀವೂ ಬರ್ಲಿ ಅಂತ ಕವರ್ ಒಡೆದೇ ಇಲ್ಲ ನೋಡಿ" ಎಂದರು ರೇಂಜರ್. ಒಂದೊಂದೇ ಫೋಟೋ ತಿರುವಿದರು. ಸುಧಾ ನಿಂತದ್ದು. ಸುಧಾ ಕೂತದ್ದು. ಸುಧಾ ನಕ್ಕದ್ದು. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ.

ಇಪ್ಪತ್ತೊಂದನೆಯದು ಬಂತು. ಲುಂಗಿ ಎತ್ತಿ ಕಟ್ಟಿ ಉಪ್ಪಿನ ಮುಂದೆ ಬಗ್ಗಿದ ಮನುಷ್ಯನ ಹಿಂಭಾಗ, ಪಟ್ಟಾಪಟ್ಟಿ ಚಡ್ಡಿ ಸಮೇತ. ಇಪ್ಪತ್ತೆರಡು, ಅದೇ ಹಿಂಭಾಗ. ಹದಿನಾರಕ್ಕೆ ಹದಿನಾರೂ! ದಿನಾ ಬಗ್ಗುವಾಗ ದಾರಕ್ಕೆ ತಾಗುತ್ತಿದ್ದ ಪ್ರಾಣಿ ನಾನೇ. ಮಿಲ್ಲಿನ ಗದ್ದಲಕ್ಕೆ ಮಂದವಾದ ಕಿವಿಗೆ ಆ ಕ್ಲಿಕ್ ಕೇಳಿಸಬೇಕಲ್ಲ! ಜಿಂಕೆಯ ಬಾಲ ಕೂಡ ಇರಲಿಲ್ಲ.

"ದಾರ, ಕಲ್ಲುಪ್ಪು... ಶಿಕಾರಿಗೇನ್ರಿ?" ರೇಂಜರ್ ದನಿ ಗಟ್ಟಿಯಾಯಿತು.

"ತಪ್ಪಾಯ್ತು ಸಾರ್. ನನ್ನನ್ನ ಏನು ಬೇಕಾದ್ರೂ ಮಾಡಿ. ಹುಡುಗೀದು ಏನೂ ತಪ್ಪಿಲ್ಲ." ನಿಜಕ್ಕೂ ಅಳು ಬಂದಿತ್ತು.

ಅವರು ಕನ್ನಡಕ ಏರಿಸಿ ಮತ್ತೊಮ್ಮೆ ಹದಿನಾರನ್ನೂ ನೋಡಿದರು. ಮೀಸೆ ಅದುರಿತು. "ಆ ದಾರ ಇವತ್ತೇ ಬಿಚ್ಚಿ ಬನ್ನಿ. ಇನ್ನೊಂದ್ಸಲ ಅಲ್ಲಿ ಕಂಡ್ರೆ ಬೀಗರು ಅಂತಾನೂ ನೋಡಲ್ಲ, ಒಳಗೆ ಹಾಕ್ತೀನಿ!"

ಬೀಗರು! ಗಿರಿಜಾ ಉಸಿರು ಬಿಟ್ಟದ್ದು ನನ್ನ ಮಂದ ಕಿವಿಗೂ ಕೇಳಿಸಿತು. ಫೋಟೋಗಳಿಗೆ ಕೈ ಚಾಚಿದೆ.

"ಇರ್ಲಿ ಬಿಡಿ, ಇವು ನನ್ನ ಹತ್ರಾನೇ ಇರ್ಲಿ" ಎಂದರು. "ಶಿಕಾರಿಯವನು ಹಿಂದಿನಿಂದ ಹೇಗೆ ಕಾಣ್ತಾನೆ ಅಂತ ನಮ್ಮ ಗಾರ್ಡುಗಳಿಗೆ ತೋರಿಸ್ಬೇಕು."

ಮದುವೆಯ ದಿನ ಹೊಸ ಪಂಚೆ ಉಟ್ಟು ಓಡಾಡುತ್ತಿದ್ದ ನನ್ನನ್ನು ರೇಂಜರ್ ಕಡೆಯ ನಾಲ್ಕು ಗಾರ್ಡುಗಳಲ್ಲಿ ಒಬ್ಬನೂ ಗುರುತಿಸಲಿಲ್ಲ. ಬದುಕಿದೆ ಅಂದುಕೊಂಡು ಹಿರಿಯರೊಬ್ಬರ ಕಾಲಿಗೆ ಬಗ್ಗಿದೆ ನೋಡಿ, ಹಿಂದೆ ನಾಲ್ಕೂ ಜನ ಒಟ್ಟಿಗೆ ಕೂಗಿದರು: "ನಮಸ್ಕಾರ ಸಾರ್!"