ತಿಪ್ಪೆಯಿಲ್ಲದ ಪ್ರಾಗ್

ಮೌನೇಶನ ಕಾಲುಗಳು ಕಿಟಕಿಯ ಹೊರಗಿದ್ದವು, ಹೊಟ್ಟೆ ಚೌಕಟ್ಟಿನ ಮೇಲಿತ್ತು, ಎರಡೂ ಕೈಗಳು ದೈಹಿಕ ಶಿಕ್ಷಕ ಉಚ್ಚೆಂಗಪ್ಪನ ಅಂಗಿಯನ್ನು ಹಿಡಿದಿದ್ದವು.

"ಅಂಗಿ ಬಿಡ್ರಿ ಸರ್," ಎಂದ ಉಚ್ಚೆಂಗಪ್ಪ ಮೆಲ್ಲಗೆ. "ಹೊಸಾದೈತಿ."

ಮೊದಲ ಮಹಡಿಯ ಸಭಾಂಗಣದಲ್ಲಿ ಕೂತಿದ್ದ ಮುನ್ನೂರು ಹುಡುಗ ಹುಡುಗಿಯರು ಚಪ್ಪಾಳೆ ತಟ್ಟಿದರು.

ತಪ್ಪು ಮೌನೇಶನದೇ. ಕಂಪ್ಲಿಯ ಆ ಖಾಸಗಿ ಕಾಲೇಜಿನಲ್ಲಿ ಅವನು ಇತಿಹಾಸದ ಅತಿಥಿ ಉಪನ್ಯಾಸಕ. ಯುರೋಪಿನ ಮೂವತ್ತು ವರ್ಷಗಳ ಯುದ್ಧದ ಪಾಠಕ್ಕೆ ಹಿಂದಿನ ಬೆಂಚುಗಳು ನಿದ್ದೆ ಹೋದಾಗ ಎಬ್ಬಿಸಲೆಂದು ಒಂದು ಕತೆ ಹೇಳಿದ್ದ. 1618ರಲ್ಲಿ ಪ್ರಾಗ್ ನಗರದ ಪ್ರಾಟೆಸ್ಟಂಟ್ ಗಣ್ಯರು ಕ್ಯಾಥೊಲಿಕ್ ಚಕ್ರವರ್ತಿಯ ಅಧಿಕಾರಿಗಳನ್ನು ಕೋಟೆಯ ಕಿಟಕಿಯಿಂದ ಎಸೆದರು. ಕೆಳಗೆ ತಿಪ್ಪೆ ಇದ್ದದ್ದರಿಂದ ಅವರು ಬದುಕಿದರು ಎನ್ನುತ್ತಾರೆ. ಬಾಗಿಲ ಹೊರಗೆ ನಿಂತು ಕೇಳುತ್ತಿದ್ದ ಪ್ರಾಂಶುಪಾಲ ಚನ್ನಯ್ಯನವರಿಗೆ ಕಾಲೇಜಿನ ಹಿಂದೆ, ಸಭಾಂಗಣದ ಕಿಟಕಿಯ ಕೆಳಗೂ ಒಂದು ತಿಪ್ಪೆ ಇರುವುದು ನೆನಪಾಯಿತು. ವಾರ್ಷಿಕೋತ್ಸವಕ್ಕೆ ಇದೇ ನಾಟಕ ಎಂದರು. ಹುಡುಗರನ್ನು ಎಸೆದರೆ ಪಾಲಕರು ಬರುತ್ತಾರೆ, ಅತಿಥಿ ಉಪನ್ಯಾಸಕನನ್ನು ಎಸೆದರೆ ಯಾರೂ ಬರುವುದಿಲ್ಲ ಎಂದು ಪಾತ್ರವನ್ನೂ ಅವರೇ ಹಂಚಿದರು. ಮುಂದಿನ ವರ್ಷದ ನೇಮಕದ ಆದೇಶ ಅವರ ಮೇಜಿನ ಮೇಲೆ ಸಹಿಗೆ ಕಾದಿತ್ತು. ಸ್ಟೂಲು ಹತ್ತಿದರೂ ತಲೆ ತಿರುಗುವ ಮೌನೇಶ ಒಪ್ಪಿಕೊಂಡ.

ವಾರ್ಷಿಕೋತ್ಸವದ ದಿನ ಬೆಳಿಗ್ಗೆ ಆರಕ್ಕೇ ಬಂದು ತಿಪ್ಪೆಗೆ ಕೋಲು ಚುಚ್ಚಿ ಆಳ ನೋಡಿದ. ಅದರ ಒಡತಿ ಗಾಳೆಮ್ಮನಿಗೆ ತಾನು ಎಲ್ಲಿಂದ ಎಲ್ಲಿಗೆ ಬೀಳಲಿದ್ದೇನೆಂದು ತೋರಿಸಿ ಹೇಳಿದ. ಅವಳು ಗಲ್ಲಕ್ಕೆ ಕೈ ಹಚ್ಚಿ ಕೇಳಿಸಿಕೊಂಡಳು. ಆಮೇಲೆ ಸಹೋದ್ಯೋಗಿಗಳು ಧೈರ್ಯ ತುಂಬತೊಡಗಿದರು. ಇಂಗ್ಲಿಷಿನ ಸುಮಲತಾ ಮೇಡಂ ಬೀಳುವಾಗ ನಾಲಿಗೆ ಒಳಗಿಟ್ಟುಕೊಳ್ಳಿ ಎಂದರು. ಜವಾನ ಪಕ್ಕೀರಪ್ಪ ಸಂಡೂರಿನಲ್ಲಿ ಮೂಳೆ ಕಟ್ಟುವವರ ನಂಬರು ಬರೆದು ಜೇಬಿಗಿಟ್ಟ. ಪ್ರಾಂಶುಪಾಲರ ಕೋಣೆಯ ಕೆಂಪು ಪರದೆಯಿಂದ ಹೊಲಿಸಿದ ನಿಲುವಂಗಿಯಲ್ಲಿ ಮೌನೇಶ ಮದುವೆ ಮಂಟಪದ ಸೋಫಾದಂತೆ ಕಾಣುತ್ತಿದ್ದ. ಸೋಫಾ ನಡುಗುತ್ತಿತ್ತು.

ಈಗ ಕಿಟಕಿಯಲ್ಲಿ ಕತ್ತು ಹೊರಳಿಸಿ ಕೆಳಗೆ ನೋಡಿದ. ತಿಪ್ಪೆ ಇರಲಿಲ್ಲ. ತೊಳೆದ ಚಪ್ಪಡಿಕಲ್ಲು, ಅದರ ನಟ್ಟನಡುವೆ ರಂಗೋಲಿ, ಪಕ್ಕದಲ್ಲಿ ತಲೆ ಮೇಲೆ ಸೆರಗು ಹೊದ್ದ ಗಾಳೆಮ್ಮ.

"ತಿಪ್ಪಿ ಎಲ್ಲಿ ಗಾಳೆಮ್ಮ?"

"ವಿದ್ಯೆ ಕಲಿಸೋರು ನೀವು, ತಿಪ್ಪ್ಯಾಗ ಬೀಳೋದಾ? ನಮಗ ಪಾಪ ಬರ್ತೈತಿ. ಟ್ರ್ಯಾಕ್ಟರ್ ಕರಿಸಿ ಎಮ್ಮಿಗನೂರು ಹೊಲಕ್ಕ ಹೊಡೆಸಿಬಿಟ್ಟೆ. ಚೊಕ್ಕ ಮಾಡೀನಿ, ಧೈರ್ಯವಾಗಿ ಬೀಳ್ರಿ."

ಮೌನೇಶ ಉಚ್ಚೆಂಗಪ್ಪನತ್ತ ಕತ್ತು ತಿರುಗಿಸಿದ. ಇದು ನಾಟಕವಲ್ಲ, ಕೆಳಗೆ ಕಲ್ಲಿದೆ ಎಂದು ಕೂಗಿದ. ಮುಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹಾಕಿದರು. ಎಸೆಯುವ ಗಣ್ಯನ ಪಾತ್ರದಲ್ಲಿ ಮುಳುಗಿದ್ದ ಉಚ್ಚೆಂಗಪ್ಪ ಇನ್ನೊಂದು ಸಲ ನೂಕಿದ. ಹೊಟ್ಟೆ ಚೌಕಟ್ಟಿನಿಂದ ಜಾರಿತು. ಅಂಗಿಯ ಗುಂಡಿ ಒಂದು ಕಿತ್ತುಹೋಯಿತು, ಎರಡು ಕಿತ್ತುಹೋದವು. ಮೂರನೆಯದು ಕಿತ್ತುಹೋದಾಗ ಮೌನೇಶನ ಬಾಯಿ ತೆರೆದೇ ಇತ್ತು, ಧ್ವನಿ ನಿಂತುಹೋಗಿತ್ತು. ಆ ಕಣ್ಣುಗಳನ್ನು ನೋಡಿದ ಉಚ್ಚೆಂಗಪ್ಪ ಪ್ರಾಗನ್ನು ಮರೆತು, ಕಂಕುಳಿಗೆ ಕೈ ಹಾಕಿ ಅವನನ್ನು ಒಳಗೆಳೆದುಕೊಂಡ.

ಸಭಾಂಗಣವೆಲ್ಲ ಎದ್ದು ನಿಂತಿತು. ಚನ್ನಯ್ಯನವರು ಕಣ್ಣೊರೆಸಿಕೊಳ್ಳುತ್ತ ಬಂದು, ನೆಲದ ಮೇಲೆ ಮಲಗಿದ್ದ ಮೌನೇಶನ ಪಕ್ಕ ಕೂತರು. ಜೇಬಿನಿಂದ ಆದೇಶ ತೆಗೆದರು. ಸಹಿಯಾಗಿತ್ತು.

"ಸಾವಿನ ಭಯ ಅಂದ್ರ ಇದು ನೋಡ್ರಿ. ಭಾಳ ಛಲೋ ಮಾಡಿದ್ರಿ. ತಗೋರಿ, ಮುಂದಿನ ವರ್ಷನೂ ನೀವೇ. ಇಂಗ್ಲೆಂಡಿನ ಅಂತರ್ಯುದ್ಧ ತಗಳ್ಳೋಣು. ರಾಜ ಚಾರ್ಲ್ಸನ ತಲಿ ಕಡಿಯೋ ಸೀನು. ಕಬ್ಬು ಕಡಿಯೋ ಓಬಳಪ್ಪಗ ಆಗ್ಲೇ ಹೇಳೀನಿ, ಮಚ್ಚು ಅಸಲಿದೇ ತರ್ತಾನಂತ."

ಮೌನೇಶ ಕಾಗದವನ್ನು ನೋಡಿದ. ಮುಟ್ಟಲಿಲ್ಲ.

"ಬ್ಯಾಡ್ರಿ," ಎಂದ.