ಬೆಂಕಿ ಮೇಡಂ ಅಲಾರಂ ಒತ್ತಿದಾಗ

ಬೆಂಕಿ ಆರಿಸುವ ಸಾಮಾನು ನೋಡಿಕೊಳ್ಳುವ ಕೆಲಸದಲ್ಲಿ ಬೆಂಕಿ ಸಿಗುವುದು ಅಪರೂಪ, ಸಿಗುವುದೆಲ್ಲ ಜನ. ತಿಪಟೂರು ಕಡೆಯ ಒಂದು ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ನನ್ನನ್ನು ಬೆಂಕಿ ಮೇಡಂ ಅಂತಲೇ ಕರೆಯುತ್ತಾರೆ. ಹೆಸರಿಗೆ ತಕ್ಕ ಕೋಪವೂ ಇದೆ, ಕೆಲಸವೂ ಬರುತ್ತದೆ. ಎರಡರಲ್ಲೂ ನನಗೆ ಅನುಮಾನವಿಲ್ಲ.

ಈ ಸಲ ಹುಡುಗಿಯರ ಹೊಸ ಹಾಸ್ಟೆಲ್ ಕಟ್ಟಿ ಮುಗಿದಿತ್ತು. ಅಗ್ನಿಶಾಮಕದವರು ಬಂದು ನೋಡಿ ಒಪ್ಪಿದರೆ ಮಾತ್ರ ಬೀಗ ತೆಗೆಯುವುದು. ಕಂದಿಕೆರೆ, ಹುಳಿಯಾರು ಕಡೆಯ ಹುಡುಗಿಯರು ದಿನಾ ಬಸ್ಸು ಬದಲಿಸಿ ಓಡಾಡಿ ಸುಸ್ತಾಗಿದ್ದರು. ಕಂಡಲ್ಲೆಲ್ಲ "ಯಾವಾಗ ಮೇಡಂ?" ಅನ್ನುವ ಒಂದೇ ಪ್ರಶ್ನೆ. "ನಾನಿರೋವಾಗ ಫೇಲ್ ಆಗುತ್ತಾ?" ಅಂದುಬಿಟ್ಟಿದ್ದೆ. ಅಂದ ಮೇಲೆ ಪಾಸ್ ಮಾಡಿಸಲೇಬೇಕಲ್ಲ. ಕ್ಯಾಂಪಸ್ಸೆಲ್ಲ ಸುತ್ತಿ ಒಂದೊಂದೇ ಪರೀಕ್ಷೆ ಮಾಡುತ್ತಾ ಹೊರಟೆ.

ಚಿಪ್ಪಿನ ಟೋಪಿ

ಮೊದಲು ಮೆಸ್ಸಿನ ಅಡುಗೆಮನೆ. ಹೊಗೆ ಕಂಡರೆ ಕೂಗಬೇಕಾದ ಡಿಟೆಕ್ಟರಿನ ಕೆಳಗೆ ನಿಂತು ಪರೀಕ್ಷೆಯ ಹೊಗೆ ಬಿಟ್ಟೆ. ಸದ್ದಿಲ್ಲ. ಇನ್ನಷ್ಟು ಬಿಟ್ಟೆ. ಕೆಮ್ಮಿದ್ದು ನಾನೊಬ್ಬಳೇ. ಏಣಿ ಹತ್ತಿ ನೋಡಿದರೆ ಡಿಟೆಕ್ಟರಿನ ಮೇಲೆ ಅರ್ಧ ತೆಂಗಿನ ಚಿಪ್ಪು, ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿದೆ. ಸುತ್ತ ಟೇಪು ಬೇರೆ.

ಅಡುಗೆಯವರು ನೊಣವಿನಕೆರೆಯ ಹಿರಿಯರು. ಕರೆದು ಕೇಳಿದೆ.

"ಯಾರ ಕೆಲಸ ಇದು?"

"ನಂದೇ ಕಣಮ್ಮ. ಒಗ್ಗರಣೆ ಹಾಕಿದ್ರೂ ಬಡ್ಕತಿತ್ತು. ಒಳ್ಳೆ ಚಿಪ್ಪೇ ಆರ್ಸಿ ಹಾಕಿವ್ನಿ."

"ಬೆಂಕಿ ಬಿದ್ರೆ ಅದಕ್ಕೆ ಹೆಂಗೆ ಗೊತ್ತಾಗ್ಬೇಕು?"

ಅವರು ನನ್ನನ್ನು ಕನಿಕರದಿಂದ ನೋಡಿದರು. "ಬೆಂಕಿ ಬಿದ್ರೆ ಮೊದ್ಲು ಚಿಪ್ಪು ತೆಗಿತೀವಿ ಬುಡಮ್ಮ."

ಅಡುಗೆಮನೆಗೆ ಹೊಗೆಯದಲ್ಲ, ಕಾವು ಹೆಚ್ಚಾದರೆ ಕೂಗುವ ಡಿಟೆಕ್ಟರ್ ಹಾಕಿ ಅಂತ ನಾನು ಮೊದಲಿಂದ ಬಡಿದುಕೊಂಡಿದ್ದೆ. ಆ ಚಿಪ್ಪನ್ನು ಒಯ್ದು ಮೇಲಿನವರ ಮೇಜಿನ ಮೇಲಿಟ್ಟೆ, ಮಾರನೆಯ ದಿನವೇ ಹೊಸದು ಬಂತು. ಅದನ್ನು ಕೂರಿಸಿ ಏಣಿ ಇಳಿದಾಗ ಕಣ್ಣಿಗೆ ಬಿತ್ತು: ಕಪಾಟಿನ ಮೇಲೆ ಇನ್ನೊಂದು ಚಿಪ್ಪು ತೊಳೆದು ಸಿದ್ಧವಾಗಿಟ್ಟಿದ್ದರು, ಸ್ವಲ್ಪ ದೊಡ್ಡ ಸೈಜು.

ಗಾಜು ಒಡೆಯುವ ಅಪ್ಪಣೆ

ಲೈಬ್ರರಿಯ ಕಸದ ಬುಟ್ಟಿಯಲ್ಲಿ ಒಂದು ಮಧ್ಯಾಹ್ನ ಹೊಗೆ ಎದ್ದಿತು. ಪಕ್ಕದ ಗೋಡೆಯಲ್ಲೇ ಕೆಂಪು ಡಬ್ಬಿ. ಅದರ ಗಾಜು ಒಡೆದರೆ ಅಲಾರಂ ಬಡಿಯುತ್ತದೆ. ಅಲ್ಲಿನ ಅಟೆಂಡರ್ ಬುಟ್ಟಿ ನೋಡಿದರು, ಡಬ್ಬಿ ನೋಡಿದರು, ಆಮೇಲೆ ಇಡೀ ಕ್ಯಾಂಪಸ್ ದಾಟಿ ನನ್ನ ರೂಮಿಗೆ ಓಡಿ ಬಂದರು.

"ಮೇಡಂ, ಬೆಂಕಿ. ಗಾಜು ಒಡಿಬೋದಾ?"

"ಒಡಿಯೋದು ಬಿಟ್ಟು ಇಲ್ಲೀಗಂಟ ಯಾಕ್ರೀ ಬಂದ್ರಿ?"

"ಹೋದ್ಸಲ ಕಿಟಕಿ ಗಾಜು ಒಡೆದೋಗಿದ್ದಕ್ಕೇ ಎಲ್ರಿಗೂ ಉತ್ತರ ಹೇಳಿ ಸಾಕಾಗೋಗದೆ. ನೀವೊಂದ್ ಮಾತು ಹೇಳ್ಬುಡಿ, ಈಗ್ಲೇ ಹೋಗಿ ಒಡಿತೀನಿ."

ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಾನೇ ಓಡಿದೆ. ಅಷ್ಟರಲ್ಲಿ ಯಾವಳೋ ಹುಡುಗಿ ಬಾಟಲಿ ನೀರು ಸುರಿದು ಆರಿಸಿ ಮತ್ತೆ ಓದುತ್ತಾ ಕೂತಿದ್ದಳು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಮರುದಿನ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆಸಿದೆ: "ಬೆಂಕಿ ಕಂಡರೆ ಒಡೆಯಿರಿ. ಯಾರೂ ಬೈಯುವುದಿಲ್ಲ." ಅಟೆಂಡರ್ ನಿಧಾನಕ್ಕೆ ಓದಿ ತಲೆ ಕೆರೆದುಕೊಂಡರು.

"ಎಲ್ಲಾ ಸರಿ ಮೇಡಂ. ಕೆಳಗೆ ಯಾರ ಸಹಿನೂ ಇಲ್ವಲ್ಲ."

ಎಲ್ಲರೂ ಹೊರಗೆ

ಕೊನೆಗೆ ಹಾಸ್ಟೆಲ್ ನೋಡಲು ಅಗ್ನಿಶಾಮಕದ ಅಧಿಕಾರಿ ಬಂದರು. ಬೆಂಗಳೂರಿನಿಂದ ಹೊಸದಾಗಿ ವರ್ಗವಾಗಿ ಬಂದವರು. ಪಂಪು ನೋಡಿದರು, ಪೈಪು ನೋಡಿದರು, ತಲೆದೂಗಿದರು. ಉಳಿದದ್ದು ಡ್ರಿಲ್ ಒಂದೇ. ಸೇರಿಕೊಳ್ಳಲು ಕಾದಿದ್ದ ಹುಡುಗಿಯರನ್ನೆಲ್ಲ ರೂಮುಗಳಲ್ಲಿ ಕೂರಿಸಿದ್ದೆವು. ಅಲಾರಂ ಆದ ಕೂಡಲೇ ಸಾಮಾನೆಲ್ಲ ಬಿಟ್ಟು ಹೊರಗೆ ಬಂದು, "ಸೇರುವ ಸ್ಥಳ" ಅನ್ನುವ ಹಸಿರು ಬೋರ್ಡಿನ ಹತ್ತಿರ ನಿಲ್ಲಬೇಕು. ನಕ್ಷೆ ಮಾಡಿದವರು ನೆರಳು ಚೆನ್ನಾಗಿದೆ ಅಂತ ಆ ಬೋರ್ಡನ್ನು ತೆಂಗಿನ ಮರಗಳ ಬುಡದಲ್ಲಿ ನೆಟ್ಟಿದ್ದರು.

ಅಲಾರಂ ಒತ್ತಿದೆ. ನೂಕಾಟವಿಲ್ಲ, ಕಿರುಚಾಟವಿಲ್ಲ, ಸರಸರನೆ ಇಳಿದು ಬಂದರು. ನನಗೆ ಹೆಮ್ಮೆಯಿಂದ ಎದೆಯುಬ್ಬಿತು. ಬಂದವರೆಲ್ಲ ಬೋರ್ಡನ್ನು ದಾಟಿಕೊಂಡು ಹೋಗಿ ಆಚೆ ಸುಡುಬಿಸಿಲಲ್ಲಿ ನಿಂತರು.

"ಸೇರೋ ಜಾಗದಲ್ಲಿ ಒಬ್ಬರೂ ಇಲ್ಲ. ಹೀಗಾದ್ರೆ ನಾನು ಒಪ್ಪಿಗೆ ಕೊಡೋಕಾಗಲ್ಲ," ಎಂದರು ಅಧಿಕಾರಿ.

ಹುಡುಗಿಯರ ಮುಖ ಬಾಡಿಹೋಯಿತು. ಕಂದಿಕೆರೆಯ ಒಬ್ಬಳು ಧೈರ್ಯ ಮಾಡಿದಳು. "ಸಾರ್, ಕಾಯಿ ಬಲ್ತು ನಿಂತವೆ, ಕೀಳ್ಸಿಲ್ಲ. ಅದರ ಕೆಳಗೆ ಯಾರು ನಿಲ್ತಾರೆ?"

"ಬೆಂಕಿಯಿಂದ ತಪ್ಪಿಸಿಕೊಂಡು ಬಂದವರು ಕಾಯಿಗೆ ಹೆದರ್ತೀರಾ? ಮೇಡಂ, ನೀವಾದ್ರೂ ಹೇಳಬಾರದಾ? ಅಂದಹಾಗೆ ನೀವೆಲ್ಲಿ ನಿಂತಿದ್ದೀರಿ?"

ನೋಡಿಕೊಂಡೆ. ನಾನೂ ಬಿಸಿಲಲ್ಲೇ ನಿಂತಿದ್ದೆ. ತುರುವೇಕೆರೆಯ ತೆಂಗಿನ ತೋಟದಲ್ಲಿ ಬೆಳೆದವಳು, ಕಾಲು ತಾನಾಗಿ ಆಚೆ ನಡೆದಿತ್ತು.

"ಸಾರ್, ತಪ್ಪು ಹುಡುಗಿಯರದ್ದಲ್ಲ, ಬೋರ್ಡಿಂದು," ಎಂದೆ, ದನಿ ತಗ್ಗಿಸದೆ.

ಅಧಿಕಾರಿ ತಾವೇ ಹೋಗಿ ಬೋರ್ಡಿನ ಪಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತರು. "ನೋಡಿ, ನಾನು ನಿಂತಿಲ್ವಾ? ಏನಾಯ್ತು?"

ಮೇಲೆ ಚರ್ರ್ ಅಂತ ಸದ್ದಾಯಿತು. ಒಣಗರಿಯೊಂದು ಕಳಚಿ, ಬರುವಾಗ ಬಲಿತ ಕಾಯಿಯೊಂದನ್ನೂ ಕೆಡವಿಕೊಂಡು, ಬೋರ್ಡಿನ ಮೇಲೇ ಬಿತ್ತು. ಧೂಳಿಳಿದಾಗ ಅಧಿಕಾರಿ ಅಲ್ಲಿರಲಿಲ್ಲ. ಹುಡುಗಿಯರ ಗುಂಪಿನ ಹಿಂದಿನ ಸಾಲಿನಲ್ಲಿ ಏದುಸಿರು ಬಿಡುತ್ತಾ ಒಂದೇ ಶೂನಲ್ಲಿ ನಿಂತಿದ್ದರು.

"ಇದೇ ಸರಿಯಾದ ಜಾಗ," ಎಂದರು ಉಸಿರು ಬಂದ ಮೇಲೆ. "ಬೋರ್ಡು ಇಲ್ಲಿಗೇ ತಂದು ನೆಡಿ." ಅಲ್ಲೇ ಬಿಸಿಲಲ್ಲೇ ಒಪ್ಪಿಗೆಗೆ ಸಹಿ ಹಾಕಿದರು. ಹುಡುಗಿಯರ ಚಪ್ಪಾಳೆ ಕೇಳಿ ನನ್ನ ಕಣ್ಣು ತುಂಬಿ ಬಂತು.

ಸದ್ದಡಗಿದ ಮೇಲೆ ಅವರು ಮರದ ಬುಡ ನೋಡಿ ಮೆಲ್ಲಗೆ ಕೇಳಿದರು, "ಯಾರಾದ್ರೂ ಹೋಗಿ ನನ್ನ ಇನ್ನೊಂದು ಶೂ ತಂದುಕೊಡ್ತೀರಾ?"

ಕಂದಿಕೆರೆಯವಳು ಕೈಕಟ್ಟಿ ನಿಂತು ಹೇಳಿದಳು: "ಬಿಟ್ಟು ಬಂದ ಸಾಮಾನಿಗೋಸ್ಕರ ವಾಪಸ್ ಹೋಗಂಗಿಲ್ಲ ಸಾರ್. ಡ್ರಿಲ್ಲು ಇನ್ನೂ ನಡೀತಾ ಅದೆ."